ಕಮಲಾಪುರದ ಕರಿಕಲ್ಲಿನ ಕೆಳಗೆ ಏನಿದೆ?

ಹಬ್ಬಕ್ಕೆ ಕಲಬುರಗಿಗೆ ಹೋದವನು ಹಾಗೇ ಕಮಲಾಪುರಕ್ಕೆ, ಕಾಕಾನ ಹೊಲಕ್ಕೂ ಹೋಗಿದ್ದೆ. ಕೆಂಪು ಬಾಳೆಗೆ ನೀರು ಸಾಲದೆ ಹೊಸ ಬೋರ್ ಹಾಕಿಸುತ್ತಿದ್ದರು. ಮೇಲೆ ಬರ್ತಿದ್ದದ್ದು ಬರೀ ಕರಿಕಲ್ಲಿನ ಪುಡಿ. "ಏ ಇಂಜಿನಿಯರ್, ನೀರಂತೂ ಇಲ್ಲ, ಎಣ್ಣಿ ಆದ್ರೂ ಸಿಗ್ತದೇನ್ ನೋಡಿ ಹೇಳೋ" ಅಂದ್ರು. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್ ಅಂತ ಕಾಕಾಗೆ ವಿವರಿಸೋದು ಎಣ್ಣೆ ಹುಡುಕೋದಕ್ಕಿಂತ ಕಷ್ಟ :) ಆದ್ರೆ ಪ್ರಶ್ನೆ ತಲೇಲಿ ಕೂತುಬಿಡ್ತು.

ಪ್ರಶ್ನೆ ಪೂರ್ತಿ ತಮಾಷೆಯದ್ದೇನಲ್ಲ. ನಮ್ಮ ಶಹಾಬಾದ್ ಕಲ್ಲು ಹಳೇ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣಕಲ್ಲು. ದೇಶದ 26 ಸಂಚಿತ ಶಿಲೆಯ ಜಲಾನಯನಗಳ ಸರಕಾರಿ ಪಟ್ಟಿಯಲ್ಲಿ ಭೀಮಾ-ಕಲಾದಗಿಯೂ ಒಂದು. ಎಣ್ಣೆ ಹುಡುಕುವವರು ನೋಡೋದೇ ಇಂಥ ಜಾಗ. ಕಮಲಾಪುರದ ಕಡೆ ಹೋದರೆ ಈ ಸುಣ್ಣಕಲ್ಲು ಲಾವಾದ ಕರಿಕಲ್ಲಿನ ಅಡಿ ಮರೆಯಾಗುತ್ತೆ. ಅಲ್ಲಿಂದ ಮುಂದೆ ಎಷ್ಟು ದೂರ, ಎಷ್ಟು ದಪ್ಪ?

ಕೊರೆಯದೆ ತಿಳಿಯೋಕೆ ವಿಮಾನವಿದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಗಲ್ಫ್ ಎಣ್ಣೆ ಕಂಪನಿಯಲ್ಲಿದ್ದ ವಿಕ್ಟರ್ ವ್ಯಾಕ್ವಿಯರ್ ಒಂದು ಕಾಂತಮಾಪಕ ಮಾಡಿದ. ಮೊದಲು ಅದು ಹುಡುಕಿದ್ದು ಶತ್ರುಗಳ ಸಬ್‌ಮರೀನ್‌ಗಳನ್ನ! ಯುದ್ಧ ಮುಗಿದ ಮೇಲೆ ಎಣ್ಣೆಯವರ ಕೈಗೆ ಬಂತು. ಲೆಕ್ಕ ಸರಳ. ಸುಣ್ಣಕಲ್ಲು, ಮರಳುಗಲ್ಲಿಗೆ ಕಾಂತತೆ ಇಲ್ಲವೆನ್ನುವಷ್ಟು ಕಡಿಮೆ, ಅದರ ಕೆಳಗಿನ ತಳಶಿಲೆಗೆ ಹೆಚ್ಚು. ಗ್ರಾಫ್ ನಯವಾಗಿ, ಅಗಲವಾಗಿ ಬಂದರೆ ತಳಶಿಲೆ ಆಳದಲ್ಲಿದೆ, ನಡುವೆ ದಪ್ಪ ಪದರವಿದೆ, ಎಣ್ಣೆಗೆ ಆಸೆ ಇದೆ ಅಂತ. ಗುರುತ್ವ ಅಳೆಯೋದು ಇನ್ನೂ ಕಷ್ಟವಾಗಿತ್ತು, ವಿಮಾನದ ಕುಲುಕಾಟದಲ್ಲೇ ಅಳತೆ ಮುಳುಗಿಹೋಗ್ತಿತ್ತು. 1999ರಲ್ಲಿ ಬಿಎಚ್‌ಪಿ ಕಂಪನಿ ವಿಮಾನಕ್ಕೆ ಕೂರಿಸಿದ ಗ್ರೇಡಿಯೋಮೀಟರ್‌ನ ಮೂಲವೂ ಅಮೆರಿಕದ ನೌಕಾಪಡೆಯ ಸಬ್‌ಮರೀನ್ ತಂತ್ರಜ್ಞಾನವೇ. ವಿಚಿತ್ರ ಅಲ್ವೇ?

ನಮ್ಮಲ್ಲಿ ತೊಡಕು ಕರಿಕಲ್ಲೇ. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾದ ತುಂಬ ಮ್ಯಾಗ್ನೆಟೈಟ್. ಮೇಲಾಗಿ ಭೂಮಿಯ ಕಾಂತಕ್ಷೇತ್ರ ಆಗ ತಿರುಗಿಕೊಂಡಿದ್ದರಿಂದ ಕೆಲವು ಪದರ ಒಂದು ದಿಕ್ಕಿಗೆ, ಕೆಲವು ಉಲ್ಟಾ. ನಮ್ಮ ಭಾಷೇಲಿ ಹೇಳೋದಾದ್ರೆ, ಸಿಗ್ನಲ್‌ಗಿಂತ ನಾಯ್ಸೇ ಜಾಸ್ತಿ. ಕೆಳಗಿನ ಮಾತು ಮೇಲೆ ಕೇಳಿಸಲ್ಲ.

ನಮ್ಮ ಹತ್ತಿರದಲ್ಲಿ ಖಚಿತ ಉತ್ತರ ಸಿಕ್ಕಿದ್ದು ದುರಂತದಿಂದ. 1993ರ ಸೆಪ್ಟೆಂಬರ್ 30ರ ನಸುಕಿಗೆ ಲಾತೂರ್ ಜಿಲ್ಲೆಯ ಕಿಲ್ಲಾರಿ ಭೂಕಂಪ, ಸತ್ತವರು ಸುಮಾರು 10 ಸಾವಿರ. ಆಮೇಲೆ ವಿಜ್ಞಾನಿಗಳು ಅಲ್ಲಿ 617 ಮೀಟರ್ ಕೊರೆದರು. ಕರಿಕಲ್ಲು 338 ಮೀಟರ್. ಅದರಡಿ ಸಂಚಿತ ಶಿಲೆ ಬರೀ 8 ಮೀಟರ್! ಆಮೇಲೆ ತಳಶಿಲೆಯೇ. ಇತ್ತ ಭೀಮಾ ಪದರಗಳ ಒಟ್ಟು ದಪ್ಪವೇ ಸುಮಾರು 300 ಮೀಟರ್. ಎಣ್ಣೆ ಬೇಯೋಕೆ ಕಿಲೋಮೀಟರ್‌ಗಟ್ಟಲೆ ಆಳ ಬೇಕು. ಒಂದು ಬೋರ್ ನೋಡಿ ಇಡೀ ದಖ್ಖನ್‌ಗೆ ತೀರ್ಪು ಕೊಡೋಕಾಗಲ್ಲ ನಿಜ, ಆದ್ರೆ ಕಮಲಾಪುರದ ಎಣ್ಣೆ ಮೇಲೆ ನಾನಂತೂ ದುಡ್ಡು ಹಾಕಲ್ಲ.

ಇದನ್ನೆಲ್ಲ ಕಾಕಾಗೆ ಫೋನಲ್ಲಿ ಹೇಳಿದೆ. ಕಿಲ್ಲಾರಿ ಅಂದಕೂಡ್ಲೆ ಸುಮ್ಮನಾದರು. "ನಾವು ಟ್ರ್ಯಾಕ್ಟರ್‌ದಾಗ ರೊಟ್ಟಿ ತುಂಬ್ಕೊಂಡು ಹೋಗಿದ್ವಿ ತಮ್ಮಾ. ತಿನ್ನೋರೇ ಇರ್ಲಿಲ್ಲ" ಅಂದ್ರು. ಎಣ್ಣೆಯ ಮಾತು ಮತ್ತೆ ಎತ್ತಲಿಲ್ಲ.