ಸಕ್ಕರೆ ಬೀಟ್: ಬೇರಿನ ಜೀವಕೋಶಗಳಲ್ಲಿ ಸಕ್ಕರೆಯ ಸಾಗಣೆ ಮತ್ತು ಸಂಗ್ರಹ

ಕಬ್ಬು ಸಕ್ಕರೆಯನ್ನು ಕಾಂಡದಲ್ಲಿ ಶೇಖರಿಸಿದರೆ, ಯುರೋಪಿನ ಪ್ರಮುಖ ಬೆಳೆಯಾದ ಸಕ್ಕರೆ ಬೀಟ್ ಬೇರಿನಲ್ಲಿ ಶೇಖರಿಸುತ್ತದೆ. ತರಕಾರಿಯಾಗಿ ಬಳಸುವ ಕೆಂಪು ಬೀಟ್‌ರೂಟ್ ಸಹ ಇದೇ ಸಸ್ಯಜಾತಿಗೆ ಸೇರಿದ್ದು, ಸಕ್ಕರೆ ಬೀಟ್‌ನ ತಿರುಳು ಮಾತ್ರ ಬಿಳಿಯಾಗಿರುತ್ತದೆ. ಬೀಟ್‌ನಲ್ಲಿರುವುದು ಕಬ್ಬಿನ ಸಕ್ಕರೆಯೇ ಎಂಬುದನ್ನು 1747ರಲ್ಲಿ ಬರ್ಲಿನ್ನಿನ ರಸಾಯನ ವಿಜ್ಞಾನಿ ಆಂಡ್ರಿಯಾಸ್ ಮಾರ್ಗ್‌ಗ್ರಾಫ್ ತೋರಿಸಿದರು. ಅವರ ಶಿಷ್ಯ ಫ್ರಾಂಜ್ ಅಖಾರ್ಡ್ 1801ರಲ್ಲಿ ಸೈಲೀಷಿಯಾದ ಕುನರ್ನ್‌ನಲ್ಲಿ ಮೊದಲ ಬೀಟ್ ಸಕ್ಕರೆ ಕಾರ್ಖಾನೆಯನ್ನು ಸ್ಥಾಪಿಸಿದರು. ಇಂದಿನ ತಳಿಗಳಲ್ಲಿ ಬೇರಿನ ತೂಕದ ಸುಮಾರು ಶೇ. 16ರಿಂದ 20ರಷ್ಟು ಸಕ್ಕರೆ ಇರುತ್ತದೆ.

ಸಾಗಣೆ

ಎಲೆಗಳಲ್ಲಿ ತಯಾರಾದ ಸುಕ್ರೋಸ್ ಫ್ಲೋಯಂ ನಾಳಗಳನ್ನು ಸೇರಿದಾಗ ಅಲ್ಲಿಗೆ ನೀರು ನುಗ್ಗಿ ಒತ್ತಡ ಹೆಚ್ಚುತ್ತದೆ. ಬೇರಿನ ತುದಿಯಲ್ಲಿ ಸಕ್ಕರೆಯನ್ನು ನಾಳದಿಂದ ಹೊರತೆಗೆಯುವುದರಿಂದ ಒತ್ತಡ ಕಡಿಮೆಯಾಗುತ್ತದೆ. ಈ ವ್ಯತ್ಯಾಸವೇ ರಸವನ್ನು ಕೆಳಕ್ಕೆ ಹರಿಸುತ್ತದೆ. ಬೀಟ್ ಅನ್ನು ಅಡ್ಡಲಾಗಿ ಕತ್ತರಿಸಿದರೆ ಕಾಣುವ ಉಂಗುರಗಳಲ್ಲಿ ಈ ನಾಳಗಳಿದ್ದು, ಉಂಗುರಗಳಿಗೆ ಸಮೀಪದ ಸಣ್ಣ ಕೋಶಗಳಲ್ಲಿ ಸಕ್ಕರೆಯ ಸಾಂದ್ರತೆ ಹೆಚ್ಚು.

ಸಂಗ್ರಹ

ಕೋಶದ ಬಹುಭಾಗವನ್ನು ಆವರಿಸಿರುವ ರಸದಾನಿಯೇ ಸಕ್ಕರೆಯ ಉಗ್ರಾಣ. ಒಳಗೆ ಸಕ್ಕರೆ ಹೆಚ್ಚಿರುವಾಗ ಇನ್ನಷ್ಟನ್ನು ತುಂಬಲು ಶಕ್ತಿ ಬೇಕು. ರಸದಾನಿಯ ಪೊರೆಯಲ್ಲಿರುವ ಪಂಪುಗಳು ಶಕ್ತಿ ವ್ಯಯಿಸಿ ಪ್ರೋಟಾನ್‌ಗಳನ್ನು ಒಳಗೆ ತಳ್ಳುತ್ತವೆ. ಆ ಪ್ರೋಟಾನ್‌ಗಳು ಹೊರಬರುವಾಗ, ಅದಕ್ಕೆ ಪ್ರತಿಯಾಗಿ ಸುಕ್ರೋಸ್ ಒಳಗೆ ಹೋಗುತ್ತದೆ. ಈ ವಿನಿಮಯ ನಡೆಸುವ, 'ಟಿಎಸ್‌ಟಿ' ಗುಂಪಿಗೆ ಸೇರಿದ ಸಾಗಣೆ ಪ್ರೋಟೀನನ್ನು ವಿಜ್ಞಾನಿಗಳು 2015ರಲ್ಲಿ ವರದಿ ಮಾಡಿದರು. ಬೀಟ್‌ನಲ್ಲಿ ಸುಕ್ರೋಸ್ ಬಹುಪಾಲು ಒಡೆಯದೆ, ಪಿಷ್ಟವಾಗದೆ ಹಾಗೆಯೇ ಉಳಿಯುತ್ತದೆ. ಸಿಹಿಗೆಣಸಾದರೋ ತನ್ನ ಬೇರಿನಲ್ಲಿ ಮುಖ್ಯವಾಗಿ ಪಿಷ್ಟವನ್ನು ಕೂಡಿಡುತ್ತದೆ.

ಈ ದಾಸ್ತಾನು ಗಿಡವು ತನಗಾಗಿ ಮಾಡಿಕೊಂಡದ್ದು. ಬೀಟ್ ದ್ವೈವಾರ್ಷಿಕ ಸಸ್ಯವಾಗಿದ್ದು, ಚಳಿಗಾಲ ಕಳೆದ ನಂತರ ಎರಡನೆಯ ವರ್ಷ ಇದೇ ಸಕ್ಕರೆಯನ್ನು ಹಿಂಪಡೆದು ಹೂ ಬಿಡುತ್ತದೆ. ಆದ್ದರಿಂದ ಸಕ್ಕರೆಗಾಗಿ ಬೆಳೆದ ಬೀಟ್ ಅನ್ನು ಮೊದಲ ವರ್ಷವೇ ಕೀಳಲಾಗುತ್ತದೆ.

ಕೊಯ್ಲಿನ ನಂತರದ ನಷ್ಟ

ಕಿತ್ತ ಬೇರು ಸತ್ತಿರುವುದಿಲ್ಲ. ಅದು ಉಸಿರಾಡುತ್ತಾ ತನ್ನ ಸಕ್ಕರೆಯನ್ನೇ ಖರ್ಚು ಮಾಡುತ್ತಿರುತ್ತದೆ; ರಾಶಿಯ ಶಾಖ ಏರಿದಷ್ಟೂ ಖರ್ಚು ಹೆಚ್ಚು. ಗಾಯಗೊಂಡ ಬೇರಿನಲ್ಲಿ ಸುಕ್ರೋಸ್ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುವುದರಿಂದ, ತೂಕದ ನಷ್ಟದೊಡನೆ ಹರಳು ತೆಗೆಯುವ ಕೆಲಸಕ್ಕೂ ತೊಡಕಾಗುತ್ತದೆ. ಹಿಮಗಟ್ಟಿ ಕರಗಿದ ಬೇರಿನಲ್ಲಿ ಪೊರೆಗಳು ಒಡೆದು ರಸ ಸೋರುತ್ತದೆ ಮತ್ತು ಕೊಳೆತ ಬೇಗ ಹರಡುತ್ತದೆ. ಕಾರ್ಖಾನೆಯಲ್ಲಿಯಾದರೋ ಪೊರೆಯನ್ನು ಬೇಕೆಂದೇ ಕೆಡಿಸಲಾಗುತ್ತದೆ: ಎಳೆಎಳೆಯಾಗಿ ಹೆಚ್ಚಿದ ಬೀಟ್ ಅನ್ನು ಸುಮಾರು 70 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಹಾಯಿಸಿದಾಗ ರಸದಾನಿಯ ಸಕ್ಕರೆ ನೀರಿಗೆ ಇಳಿಯುತ್ತದೆ.