ಸರಾಸರಿ ಲೆಕ್ಕದಲ್ಲಿ ನಮ್ಮ ಕೇರಿ ಎಲ್ಲಿದೆ?



ಫೈಲುಗಳ ನಡುವೆ ಬದುಕೋ ಗುಮಾಸ್ತ ನಾನು. ಊರಿನ ನೀರು ಸರಬರಾಜು ಹೇಗಿದೆ ಅಂದ್ರೆ ಫೈಲು ಸರಾಸರಿ ಹೇಳುತ್ತೆ. ಒಳಚರಂಡಿ ಇರೋ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ಮಾನದಂಡ. ಪಂಪ್‌ಹೌಸಿನಿಂದ ಹೊರಟ ನೀರನ್ನು ಜನಸಂಖ್ಯೆಯಿಂದ ಭಾಗಿಸಿದ್ರೆ ಮುಗೀತು. ಪೈಪಿನ ತುದಿಯಲ್ಲಿ ಒತ್ತಡ ಕಡಿಮೆ, ಆ ತುದಿಯಲ್ಲಿ ಯಾರ ಕೇರಿ ಇದೆ ಅಂತ ನಾನು ಹೇಳಬೇಕಾ?

ಹುಬ್ಬಳ್ಳಿ-ಧಾರವಾಡ ನೋಡಿ. ಮೊದಲು ನೀರಸಾಗರ, ಆಮೇಲೆ ಮಲಪ್ರಭೆ ಬಂತು. ಆದರೂ ನಲ್ಲಿಗೆ ನೀರು ಕೆಲವು ದಿನಕ್ಕೊಮ್ಮೆ. ವಿಶ್ವಬ್ಯಾಂಕ್ ಸಾಲದ ಯೋಜನೆಯಲ್ಲಿ 2008ರ ಹೊತ್ತಿಗೆ ಕೆಲವೇ ವಾರ್ಡುಗಳಿಗೆ 24 ಗಂಟೆ ನೀರು ಸಿಕ್ತು. ಸಂಶೋಧಕರು ಎರಡೂ ಕಡೆಯ ನಲ್ಲಿ ನೀರು ಪರೀಕ್ಷಿಸಿದರು. ನಿರಂತರ ನೀರಿರುವಲ್ಲಿ ಇ. ಕೋಲಿ ಇಲ್ಲವೆನ್ನುವಷ್ಟು ಕಡಿಮೆ, ಬಿಟ್ಟು ಬಿಟ್ಟು ಬರುವಲ್ಲಿ ಹತ್ತಿರಹತ್ತಿರ ಮೂರರಲ್ಲೊಂದು ಮಾದರಿಯಲ್ಲಿ! ನೀರು ನಿಂತಾಗ ಖಾಲಿ ಪೈಪು ಬಿರುಕುಗಳಿಂದ ಹೊರಗಿನ ಕೊಳಕನ್ನು ಒಳಗೆ ಎಳ್ಕೊಳ್ಳುತ್ತೆ. ಊರು ಒಂದೇ, ಪಾಲಿಕೆ ಒಂದೇ.

ಕಾಗದಕ್ಕೂ ನೀರಿಗೂ ಇರೋ ದೂರ ನಮಗೆ ಹೊಸದಲ್ಲ. ಮಹಾಡ್ ಪುರಸಭೆ 1924ರಲ್ಲೇ ಚವದಾರ್ ಕೆರೆ ಎಲ್ಲರದ್ದು ಅಂತ ಠರಾವು ಮಾಡಿತ್ತು. ಬೊಗಸೆ ನೀರು ಕುಡಿಯೋಕೆ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆಯಬೇಕಾಯ್ತು. ಹೈಕೋರ್ಟ್ ತೀರ್ಪು ಬರೋಕೆ 1937.

ಮೊನ್ನೆ ನಮ್ಮ ಕೇರಿಯ ಕೊನೇ ನಲ್ಲಿ ಹತ್ರ ಗಡಿಯಾರ ಹಿಡ್ಕೊಂಡು ಕೂತೆ. 20 ಲೀಟರ್ ಬಕೆಟ್ ತುಂಬೋಕೆ 12 ನಿಮಿಷ. ನೀರು ಬಿಡೋದು ಒಂದು ಗಂಟೆ. ಅಂದ್ರೆ ಐದು ಬಕೆಟ್, ನಾಲ್ಕು ಮನೆಗೆ. ಇದನ್ನೇ ಅರ್ಜಿಯಲ್ಲಿ ಬರೆದು ಪುರಸಭೆಗೆ ಕೊಟ್ಟು, ಸ್ವೀಕೃತಿ ಸೀಲು ಹಾಕಿಸ್ಕೊಂಡು ಬಂದಿದ್ದೀನಿ. ನಿಮ್ಮ ಕೇರಿಯ ಕೊನೇ ನಲ್ಲೀನೂ ಅಳೆದು ಇಲ್ಲಿ ಹಾಕಿ.