ಧಾರಾವಿಯ ಕ್ಷಯ ಚಿಕಿತ್ಸಾ ಅಧ್ಯಯನಗಳು

ಮುಂಬಯಿಯ ಖಾಸಗಿ ವೈದ್ಯರು ಕ್ಷಯರೋಗಿಗಳಿಗೆ ಬರೆದುಕೊಡುವ ಔಷಧಚೀಟಿಗಳ ಬಗ್ಗೆ 1991ರಿಂದ ಪ್ರಕಟವಾದ ಸಂಶೋಧನ ಲೇಖನಗಳು. ಮುಖ್ಯ ಲೇಖಕರು ಮುಕುಂದ ಉಪ್ಲೇಕರ್ ಮತ್ತು ಜರೀರ್ ಉದ್ವಾಡಿಯಾ. ಸಮೀಕ್ಷೆ ನಡೆದ ಧಾರಾವಿಯೂ ಉದ್ವಾಡಿಯಾ ಕೆಲಸಮಾಡುವ ಮಾಹಿಮ್‌ನ ಹಿಂದೂಜಾ ಆಸ್ಪತ್ರೆಯೂ ಮುಂಬಯಿ ಮಹಾನಗರಪಾಲಿಕೆಯ ಜಿ-ಉತ್ತರ ವಾರ್ಡಿಗೆ ಸೇರಿವೆ. ಒಂದೇ ವಾರ್ಡಿನೊಳಗಿನ ಈ ಬರಹಗಳನ್ನು ಜಗತ್ತಿನಾದ್ಯಂತ ನೂರಾರು ಲೇಖನಗಳು ಉಲ್ಲೇಖಿಸಿವೆ.

ಉಪ್ಲೇಕರ್ ಅವರು ಅಮೆರಿಕದ ಆರೋಗ್ಯ ಅರ್ಥಶಾಸ್ತ್ರಜ್ಞ ಡೊನಾಲ್ಡ್ ಶೆಪರ್ಡ್ ಜೊತೆಗೂಡಿ ಬರೆದ ಲೇಖನ 1991ರಲ್ಲಿ 'ಟ್ಯೂಬರ್ಕಲ್' ಪತ್ರಿಕೆಯಲ್ಲಿ ಬಂತು. ಕ್ಷಯಕ್ಕೆ ಏನು ಔಷಧ ಕೊಡುತ್ತೀರಿ ಎಂದು ಕೇಳಿದರೆ ನೂರು ವೈದ್ಯರು ಎಂಬತ್ತು ಬಗೆಯ ಚಿಕಿತ್ಸಾಕ್ರಮಗಳನ್ನು ಬರೆದಿದ್ದರು; ಹೆಚ್ಚಿನವು ತಪ್ಪು, ದುಬಾರಿ ಕೂಡ. ಅಲ್ಲಿಯವರೆಗೆ ಭಾರತದ ಕ್ಷಯ ಸಂಶೋಧನೆಯ ಗಮನವೆಲ್ಲ ಸರ್ಕಾರಿ ವ್ಯವಸ್ಥೆಯ ಮೇಲೆಯೇ ಇತ್ತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇವಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ಅಧ್ಯಯನ ನಡೆಸಿ 1963ರಲ್ಲಿ ಪ್ರಕಟಿಸಿದ ಲೇಖನ ಈ ಕ್ಷೇತ್ರದ ಹಿರಿಯ ಉಲ್ಲೇಖ: ಅರ್ಧಕ್ಕಿಂತ ಹೆಚ್ಚು ರೋಗಿಗಳು ಆಗಲೇ ಆಸ್ಪತ್ರೆಗೆ ಹೋಗಿಬಂದಿದ್ದರು, ರೋಗ ಪತ್ತೆಯಾಗಿರಲಿಲ್ಲ. ರೋಗಿ ಬರುವುದಿಲ್ಲ ಎಂಬ ದೂರು ನಿಲ್ಲದು ಎಂದು ತುಮಕೂರು ತೋರಿಸಿತು. ಬಂದವನಿಗೆ ಏನು ಸಿಗುತ್ತದೆ ಎಂಬುದನ್ನು ಧಾರಾವಿ ತೋರಿಸಿತು. ಉಪ್ಲೇಕರ್ ಮುಂದೆ ವಿಶ್ವ ಆರೋಗ್ಯ ಸಂಸ್ಥೆಗೆ ಹೋಗಿ, ಖಾಸಗಿ ವೈದ್ಯರನ್ನು ಕ್ಷಯ ಕಾರ್ಯಕ್ರಮದೊಳಗೆ ತರುವ ಕೆಲಸದಲ್ಲಿ ತೊಡಗಿದರು.

2010ರಲ್ಲಿ ಉದ್ವಾಡಿಯಾ, ಲ್ಯಾನ್ಸೆಲಾಟ್ ಪಿಂಟೊ ಮತ್ತು ಉಪ್ಲೇಕರ್ ಅದೇ ಪ್ರಶ್ನೆಯನ್ನು ಮತ್ತೆ ಕೇಳಿ 'ಪ್ಲಾಸ್ ಒನ್' ಪತ್ರಿಕೆಯಲ್ಲಿ ಉತ್ತರ ಪ್ರಕಟಿಸಿದರು. ಎರಡು ದಶಕಗಳಲ್ಲಿ ಏನಾದರೂ ಬದಲಾಗಿದೆಯೆ ಎಂಬುದು ಲೇಖನದ ಶೀರ್ಷಿಕೆಯಲ್ಲೇ ಇತ್ತು. 106 ವೈದ್ಯರು 63 ಬಗೆಯ ಕ್ರಮಗಳನ್ನು ಬರೆದರು. ಸರಿಯಾಗಿ ಬರೆದವರು ಆರೇ ಮಂದಿ. ಆಗಿನ ಸರಿಯಾದ ಚೀಟಿಯೇನೂ ಗಹನವಾಗಿರಲಿಲ್ಲ: ಹೊಸ ರೋಗಿಗೆ ಎರಡು ತಿಂಗಳು ಐಸೊನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬುಟಾಲ್, ಆಮೇಲೆ ನಾಲ್ಕು ತಿಂಗಳು ಮೊದಲಿನ ಎರಡು. ವೈದ್ಯರ ಒಲವು ಇದಕ್ಕಿಂತ ಹೆಚ್ಚು ಔಷಧವನ್ನು ಹೆಚ್ಚು ಕಾಲ ಕೊಡುವುದರ ಕಡೆಗಿತ್ತು. ಸರ್ಕಾರದ ಪರಿಷ್ಕೃತ ಕ್ಷಯ ನಿಯಂತ್ರಣ ಕಾರ್ಯಕ್ರಮ 2006ರಲ್ಲೇ ಇಡೀ ದೇಶವನ್ನು ಮುಟ್ಟಿತ್ತು ಎಂಬುದನ್ನು ನೆನೆದರೆ ಈ ಅಂಕಿ ಇನ್ನಷ್ಟು ಚುಚ್ಚುತ್ತದೆ.

ಸರಣಿಯಲ್ಲಿ ಹೆಚ್ಚು ಸದ್ದು ಮಾಡಿದ್ದು ಒಂದು ಪುಟ್ಟ ಪತ್ರ. 2011ರ ಡಿಸೆಂಬರಿನಲ್ಲಿ 'ಕ್ಲಿನಿಕಲ್ ಇನ್ಫೆಕ್ಷಿಯಸ್ ಡಿಸೀಸಸ್' ಪತ್ರಿಕೆಯ ಅಂತರ್ಜಾಲ ಆವೃತ್ತಿಯಲ್ಲಿ, ಹಿಂದೂಜಾದ ಉದ್ವಾಡಿಯಾ, ಸೂಕ್ಷ್ಮಜೀವಿ ತಜ್ಞೆ ಕಮಿಲಾ ರಾಡ್ರಿಗಸ್ ಮತ್ತು ಸಂಗಡಿಗರು ನಾಲ್ವರು ರೋಗಿಗಳ ವರದಿ ಕೊಟ್ಟರು. ಪರೀಕ್ಷಿಸಿದ ಯಾವ ಔಷಧಕ್ಕೂ ಅವರ ಕ್ಷಯಾಣುಗಳು ಬಗ್ಗಿರಲಿಲ್ಲ. ನಾಲ್ವರಲ್ಲಿ ಮೂವರು ಹದಿನೆಂಟು ತಿಂಗಳಲ್ಲಿ ಸರಾಸರಿ ನಾಲ್ವರು ಖಾಸಗಿ ವೈದ್ಯರ ಬಾಗಿಲು ತಟ್ಟಿದ್ದರು. ಮೊದಲ ಸಾಲಿನವು ಸೋತಾಗ ಬಳಸುವ ಎರಡನೆಯ ಸಾಲಿನ ಔಷಧಗಳನ್ನು ಒಂದೊಂದಾಗಿ, ಎಷ್ಟೋ ಸಲ ತಪ್ಪು ಪ್ರಮಾಣದಲ್ಲಿ, ಸೇರಿಸಿ ಕೊಡಲಾಗಿತ್ತು. ಕ್ಷಯದಲ್ಲಿ ಇದು ಅಪಾಯದ ದಾರಿ. ಹಳೆಯ ಔಷಧಗಳು ಸೋತ ಮೇಲೆ ಒಂದೇ ಹೊಸದನ್ನು ಕೂಡಿಸಿದರೆ ಕ್ಷಯಾಣು ಎದುರಿಸಬೇಕಾದದ್ದು ಆ ಒಂದನ್ನೇ. ಕೆಲ ವಾರಗಳಲ್ಲಿ ಅದಕ್ಕೂ ಒಗ್ಗಿಬಿಡುತ್ತದೆ. ಇಂಥ ಚೀಟಿಗಳು ಎಲ್ಲಿಂದ ಬರುತ್ತವೆ ಎಂದು ತೋರಿಸಲು ಪತ್ರವು ತಮ್ಮದೇ ಧಾರಾವಿ ಸಮೀಕ್ಷೆಯನ್ನು ಉಲ್ಲೇಖಿಸಿತು.

ಈ ಕ್ಷಯಕ್ಕೆ ಪತ್ರ ಕೊಟ್ಟ 'ಸಂಪೂರ್ಣ ಔಷಧನಿರೋಧಕ' ಎಂಬ ಹೆಸರು ಹೊಸದೇನಲ್ಲ. ಇಟಲಿ ಮತ್ತು ಇರಾನಿನಿಂದ ಅಂಥ ವರದಿಗಳು ಮೊದಲೇ ಬಂದಿದ್ದವು. ಆದರೆ 2012ರ ಜನವರಿಯಲ್ಲಿ ಸುದ್ದಿ ಹಬ್ಬುತ್ತಲೇ ಕೇಂದ್ರ ಆರೋಗ್ಯ ಸಚಿವಾಲಯ ಈ ಹೆಸರು ದಾರಿತಪ್ಪಿಸುವಂಥದು ಎಂದಿತು. ಮಾರ್ಚಿನಲ್ಲಿ ಜಿನೀವಾದಲ್ಲಿ ಸೇರಿದ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಭೆಯೂ, ಎರಡನೆಯ ಸಾಲಿನ ಕೆಲವು ಔಷಧಗಳ ಪ್ರಯೋಗಾಲಯ ಪರೀಕ್ಷೆ ನಂಬಲರ್ಹವಲ್ಲ ಎಂಬ ಕಾರಣಕ್ಕೆ, ಆ ಹೆಸರನ್ನು ಒಪ್ಪಲಿಲ್ಲ. ಆಕ್ಷೇಪಕ್ಕೆ ವೈಜ್ಞಾನಿಕ ಆಧಾರವಿತ್ತು ಎನ್ನಲೇಬೇಕು. ಹಾಗೆಂದು ನಾಲ್ವರು ರೋಗಿಗಳು ಇಲ್ಲವಾಗಲಿಲ್ಲ. ಹೆಸರು ಬಿದ್ದುಹೋಯಿತು, ಪತ್ರದ ಉಲ್ಲೇಖ ಬೆಳೆಯುತ್ತಲೇ ಹೋಯಿತು, ಒಪ್ಪದವರೂ ಉಲ್ಲೇಖಿಸಲೇಬೇಕಾಯಿತು.

ಅದೇ ವರ್ಷ ಮೇ ತಿಂಗಳಲ್ಲಿ ಖಾಸಗಿ ವೈದ್ಯರೂ ಪ್ರತಿ ಕ್ಷಯ ಪ್ರಕರಣವನ್ನು ಸರ್ಕಾರಕ್ಕೆ ತಿಳಿಸುವುದು ಕಡ್ಡಾಯವಾಯಿತು. ಜೂನಿನಲ್ಲಿ, ತಪ್ಪು ಫಲಿತಾಂಶ ಕೊಡುತ್ತಿದ್ದ ಕ್ಷಯದ ರಕ್ತಪರೀಕ್ಷೆಗಳು ನಿಷೇಧವಾದವು. ಇವೆಲ್ಲ ಒಂದು ಪತ್ರದಿಂದಲೇ ಆದವು ಎನ್ನುವುದು ಅತಿಯಾದೀತು. ರಕ್ತಪರೀಕ್ಷೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಹೇಳಿತ್ತು. 2014ರಲ್ಲಿ ಖಾಸಗಿ ವೈದ್ಯರನ್ನು ಕಾರ್ಯಕ್ರಮಕ್ಕೆ ಜೋಡಿಸುವ ಯೋಜನೆ ಮುಂಬಯಿ ಮತ್ತು ಪಟ್ನಾಗಳಲ್ಲಿ ಶುರುವಾಯಿತು.

ಪ್ರಶ್ನಾವಳಿ ಅಳೆಯುವುದು ವೈದ್ಯರಿಗೆ ಏನು ಗೊತ್ತು ಎಂಬುದನ್ನಷ್ಟೇ ಎಂಬ ಟೀಕೆ ಈ ಸಮೀಕ್ಷೆಗಳ ಮೇಲಿದೆ. ಇದನ್ನು ಮೀರಲು ನಂತರದ ಸಂಶೋಧಕರು ತರಬೇತಾದ ನಕಲಿ ರೋಗಿಗಳನ್ನು ಎರಡೂ ನಗರಗಳ ಕ್ಲಿನಿಕ್ಕುಗಳಿಗೆ ಕಳಿಸಿದರು. 2018ರಲ್ಲಿ 'ಪ್ಲಾಸ್ ಮೆಡಿಸಿನ್' ಪ್ರಕಟಿಸಿದ ಆ ವರದಿಯ ಪ್ರಕಾರ 2,602 ಭೇಟಿಗಳಲ್ಲಿ ರೋಗಿಯನ್ನು ಸರಿಯಾಗಿ ನಿಭಾಯಿಸಿದ್ದು ಶೇ. 35ರಲ್ಲಿ.